ಅಜ್ಜಿ ಮುಟ್ಟದ ಕಪ್

ಘಣಸೋಲಿಯಲ್ಲಿ ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೇರೆ ಏನಿಲ್ಲದಿದ್ದರೂ ಅನುಮಾನಕ್ಕೆ ಕೊರತೆ ಇರಲಿಲ್ಲ. ಹಾಲಿಗೆ ನೀರು ಬೆರೆಸಿದ್ದಾರೆಂದು ಅಜ್ಜಿಗೆ, ತೊಗರಿಬೇಳೆಗೆ ಬಣ್ಣ ಹಾಕಿದ್ದಾರೆಂದು ಅಪ್ಪನಿಗೆ, ಇಬ್ಬರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆಂದು ನನಗೆ.

ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಪಿಂಗಾಣಿ ಕೆಲಸ ಕಲಿತವಳು. ಪಕ್ಕದ ರಬಾಳೆಯ ಕಾರ್ಖಾನೆಗಳ ನಡುವೆ ಒಂದು ಗಾಲಾ ಹಿಡಿದು, ಆ ಶಟರಿನ ಕೋಣೆಯಲ್ಲಿ ಕಪ್, ಬಟ್ಟಲು ಮಾಡುತ್ತಿದ್ದಳು, ಮಕ್ಕಳಿಗೂ ಕಲಿಸುತ್ತಿದ್ದಳು. ಅಪ್ಪನದು ಸಸ್ಯಾಹಾರಿ ಹೋಟೆಲು. ಅಲ್ಲಿ ಕಾಫಿಗೆ ಅತ್ತೆಯ ಕಪ್‌ಗಳನ್ನೇ ಇಡುವುದೆಂದು ಮಾತಾಗಿತ್ತು. ಅದು ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ.

ಅಷ್ಟರಲ್ಲಿ ಭಜನೆಗೆ ಹೋದ ಅಜ್ಜಿ ಸುದ್ದಿಯೊಂದನ್ನು ಹೊತ್ತು ತಂದಳು. ಇಂಥ ಕಪ್‌ಗಳಿಗೆ ದನದ ಎಲುಬಿನ ಪುಡಿ ಬೆರೆಸುತ್ತಾರಂತೆ. ಅತ್ತೆ ಮನೆಗೆ ತಂದುಕೊಟ್ಟಿದ್ದ ಕಂದು ಕಪ್ ಅಂದಿನಿಂದ ಕಿಟಕಿಯ ಮೂಲೆ ಸೇರಿತು.

"ಹೋಟೆಲಿಗೆ ಅದು ಬೇಡ ಮಾರಾಯ," ಎಂದಳು ಅಜ್ಜಿ ಅಪ್ಪನಿಗೆ. "ಒಳಗೆ ಎಂತ ಉಂಟು ಅಂತ ಯಾರಿಗೆ ಗೊತ್ತು?"

ಈ ಮಾತು ಹೊರಗೆ ಹೋದರೆ ಅತ್ತೆಯ ಕ್ಲಾಸಿಗೂ ಮಕ್ಕಳು ಬರುವುದಿಲ್ಲ ಎಂಬುದು ಅಪ್ಪನ ಚಿಂತೆ. ಆ ಭಾನುವಾರ ನಾವು ಮೂವರೂ ತಪಾಸಣೆಗೆ ಹೊರಟೆವು. ಗಾಲಾದೊಳಗೆ ಹಸಿ ಮಣ್ಣಿನ ತಂಪು ವಾಸನೆ. ಕಪ್ ಸುಟ್ಟು ಆರುತ್ತಿದ್ದ ಭಟ್ಟಿಯ ಬಳಿ ಮಾತ್ರ ಬೆಚ್ಚಗೆ. ಮೂಲೆಯಲ್ಲಿ ಬಿಳಿ ಪುಡಿಯ ಚೀಲ. ಅದನ್ನು ಕಂಡದ್ದೇ ತಡ, ಅಜ್ಜಿ ಸೆರಗಿನಿಂದ ಮೂಗು ಮುಚ್ಚಿದಳು. ನಾನೂ ಅಂಗಿಯಿಂದ ಮುಚ್ಚಿದೆ.

"ಅದು ಹೊಳಪಿಗೆ ಹಾಕುವ ಕಲ್ಲಿನ ಪುಡಿ ಅಮ್ಮ," ಎಂದಳು ಅತ್ತೆ.

"ಕಲ್ಲು ಇಷ್ಟು ಬೆಳ್ಳಗೆ ಇರ್ತದಾ? ಯಾರ ಹತ್ರ ಹೇಳ್ತಿ?"

ಅತ್ತೆಯ ಕಣ್ಣು ತುಂಬಿತು. ಹೆತ್ತವಳೇ ನಂಬದಿದ್ದರೆ ಯಾರಿಗಾದರೂ ನೋವಾಗದೇ? ಅವಳು ಶಟರ್ ಎಳೆದು ನಮ್ಮ ಜೊತೆ ಮನೆಗೆ ಬಂದಳು. ಶೋಕೇಸಿನಿಂದ ಚಿನ್ನದ ಅಂಚಿನ ಬಿಳಿ ಕಪ್ ತೆಗೆದಳು. ಸ್ಟೀಲ್ ಲೋಟದಲ್ಲಿ ಕೊಟ್ಟರೆ ಮರ್ಯಾದೆಯಲ್ಲ ಎಂದು ಪೂಜೆಗೆ ಬಂದ ಭಟ್ಟರಿಗೆ ಅಜ್ಜಿ ಕಾಫಿ ಕೊಡುತ್ತಿದ್ದದ್ದು ಅದರಲ್ಲೇ. ಅತ್ತೆ ಅದನ್ನು ಮಗುಚಿ ಹಿಡಿದು, ತಳದ ಇಂಗ್ಲಿಷ್ ಅಕ್ಷರಗಳನ್ನು ನನ್ನಿಂದ ಓದಿಸಿದಳು.

"ಬೋನ್ ಚೈನಾ," ಎಂದೆ.

"ಎಲುಬಿನ ಪುಡಿ ಇರುದು ಇದ್ರಲ್ಲಿ ಅಮ್ಮ. ನಿಮಗೆ ಬೇಜಾರಾಗ್ತದೆ ಅಂತ ಇಷ್ಟು ದಿನ ಸುಮ್ಮನಿದ್ದೆ."

ಅಜ್ಜಿ ಕುರ್ಚಿ ಎಳೆದು ಕೂತಳು. "ಭಟ್ರಿಗೆ ಹೇಳುದು ಬೇಡ," ಎಂದಳು. ಮತ್ತೆ ಎದ್ದು ಕಿಟಕಿಯ ಕಂದು ಕಪ್ ತೆಗೆದು, ಮೂಸಿ ನೋಡಿ, ತಿಕ್ಕಿ ತಿಕ್ಕಿ ತೊಳೆದು, ಅದರಲ್ಲಿ ಕಾಫಿ ಹೊಯ್ದು ಕುಡಿದಳು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಅತ್ತೆಯ ಕಪ್‌ಗಳು ಹೋಟೆಲಿಗೆ ಬಂದವು. ಮುಂದೆ ಅವಳು ಸೀವುಡ್ಸಿನಲ್ಲಿ ದೊಡ್ಡ ಕ್ಲಾಸ್ ನಡೆಸಿದಳು. ಅನುಮಾನ ಪಟ್ಟು ಬಂದ ತಾಯಂದಿರಿಗೆ ಉತ್ತರ ಹೇಳಲು ಅಜ್ಜಿಯೇ ಬಾಗಿಲಲ್ಲಿ ಕೂರುತ್ತಿದ್ದಳು.

ಮಕ್ಕಳೇ, ನೀವು ಪೊಟ್ಟಣದ ಮೇಲಿನ ಗೆರೆಗಳಿಗೆ ಫೋನ್ ಹಿಡಿದು, ಒಳಗೇನಿದೆ ಎಂದು ಅದು ಹೇಳಿದ್ದನ್ನು ನಂಬಿಬಿಡುತ್ತೀರಿ. ನಾನು ಯಾರ ಮನೆಗೆ ಹೋದರೂ ಕಪ್ಪಿನ ತಳ ನೋಡುತ್ತೇನೆ, ನೀವು ನಗುತ್ತೀರಿ. ಆದರೆ ಆ ಕಂದು ಕಪ್ ಈಗಲೂ ನನ್ನ ಹತ್ತಿರ ಇದೆ. ಅದೊಂದನ್ನು ಮಾತ್ರ ನಾನು ಮಗುಚಿ ನೋಡುವುದಿಲ್ಲ.