‘ರಿ’ ಹಚ್ಚಿ ಕರೆದರೆ ಬರುವ ಕೆಂಚಿ

ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯಲ್ಲಿ ಸರ್ವಮಂಗಳಳ ಇಡ್ಲಿ ಹೋಟೆಲ್ ಇದೆ. ಹೋಟೆಲೆಂದರೆ ತಗಡಿನ ಚಾವಣಿ, ಎರಡು ಬೆಂಚು, ಒಂದು ಒಲೆ. ಮಿಕ್ಕಿದ್ದೆಲ್ಲ ಅವಳ ಬಾಯಿ. ಹರಿಯಬ್ಬೆಯ ತವರಿನಿಂದ ಅವಳು ತಂದ ಆಸ್ತಿ ಅದೊಂದೇ ಎಂದು ಗಂಡ ಹಾಲೇಶ್ ಹೇಳುತ್ತಾನೆ. ರಸ್ತೆಯಲ್ಲಿ ಯಾರು ಕಂಡರೂ ಸರಿ, “ಬರ್ರಿ, ಕುಂತ್ಕಳ್ರಿ!” ಎಂದು ಕೂಗುತ್ತಾಳೆ. ಹಸಿವಿಲ್ಲದವರೂ ಬಂದು ಕೂರುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾಲೆಗೆ ಬಿದ್ದು ಒದ್ದಾಡುತ್ತಿದ್ದ ಕೆಂಚು ಬಣ್ಣದ ನಾಯಿಯನ್ನು ಸೊಂಟಮಟ್ಟ ನೀರಿಗಿಳಿದು ಎತ್ತಿ ತಂದವಳು ಇವಳೇ. ಕೆಂಚಿ ಎಂದು ಹೆಸರಿಟ್ಟಳು. ಮರಿಯಾಗಿದ್ದಾಗ ಯಾವನೋ ಪುಣ್ಯಾತ್ಮ ಅದರ ಕುತ್ತಿಗೆಗೆ ಪ್ಲಾಸ್ಟಿಕ್ ಹಗ್ಗ ಬಿಗಿದು ಕೈತೊಳೆದುಕೊಂಡಿದ್ದ. ನಾಯಿ ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಅದು ಮಾಂಸದೊಳಗಿಳಿದು ಕೀವಾಗಿತ್ತು. ನೀರಿನಲ್ಲಿ ಸೋತು ಕೈಗೆ ಸಿಕ್ಕ ಕೆಂಚಿ, ನೆಲ ಸಿಕ್ಕಿದ್ದೇ ತಡ ಬೆಂಚಿನಡಿ ನುಸುಳಿತು. ಆಮೇಲೆ ಯಾರು ಕೈ ಚಾಚಿದರೂ ಉಚ್ಚೆ ಹೊಯ್ದುಕೊಂಡು ನಡುಗುತ್ತಿತ್ತು.

ದನದ ಡಾಕ್ಟರು ಬಗ್ಗಿ ನೋಡಿದರು. “ಬಲೆ ಹಾಕಿ ಹಿಡಿದ್ರೆ ಎಳೆದಾಟದಾಗೆ ಹಗ್ಗ ಇನ್ನೂ ಒಳಕ್ಕೆ ಹೋಗ್ತೈತಮ್ಮ. ತಾನಾಗೇ ಬಂದು ಕೂರೋ ಹಂಗೆ ಪಳಗಿಸ್ರಿ. ತಡ ಆದ್ರೆ ಉಳಿಯಲ್ಲ,” ಎಂದರು.

ಸರ್ವಮಂಗಳ “ಬಾ” ಅಂದಳು, “ಬಾರೇ ತಾಯಿ” ಅಂದಳು. ಹಾಲೇಶ್ “ಬಾ ಲೇ” ಎಂದು ಗದರಿದ. ‘ಬಾ’ ಎಂದಷ್ಟೂ ಅದು ಗೋಡೆಗೆ ಅಂಟಿಕೊಂಡಿತು. ಹಗ್ಗ ಕಟ್ಟಿದವನೂ ಮೊದಲು ‘ಬಾ’ ಎಂದೇ ಕರೆದಿರಬೇಕು ಎಂದು ಅವಳಿಗೆ ಹೊಳೆಯಿತು. ಆ ಕೈ ಸೇದಿಹೋಗಲಿ ಎಂದು ಬಾಯ್ತುಂಬ ಶಪಿಸಿದಳು.

ಒಂದು ಬೆಳಿಗ್ಗೆ ದಿನವೂ ಬರುವ ಮರುಳಸಿದ್ದಪ್ಪನವರು ಬಂದರು. “ಬರ್ರಿ ಅಣ್ಣಾರೆ, ಕುಂತ್ಕಳ್ರಿ,” ಅಂದಳು. ಅವರು ಕೂರುವ ಮೊದಲೇ ಕೆಂಚಿ ಹೊರಬಂದು, ಒಲೆಯ ಮುಂದೆ ಕುಕ್ಕರಿಸಿ, ಅವಳ ಮುಖ ನೋಡಿತು.

“ನನ್ನ ಪಾಳಿ ಹೋತಲ್ಲವ್ವ!” ಎಂದು ಮರುಳಸಿದ್ದಪ್ಪ ನಕ್ಕರು.

ಸರ್ವಮಂಗಳ ನಗಲಿಲ್ಲ. ‘ಬರ್ರಿ, ಕುಂತ್ಕಳ್ರಿ’ ಎಂಬ ಮಾತು ಕೇಳಿ ಬಂದವರಿಗೆ ಇಡ್ಲಿ ಸಿಗುತ್ತದೆ, ಏಟು ಬೀಳುವುದಿಲ್ಲ. ಇಷ್ಟನ್ನು ನಾಯಿ ಬೆಂಚಿನಡಿಯಿಂದಲೇ ಕಲಿತುಬಿಟ್ಟಿತ್ತು. ಸದ್ದಿಲ್ಲದೆ ಒಂದು ಚೂರು ಇಡ್ಲಿ ಅದರ ಮುಂದಿಟ್ಟಳು.

ಅಂದಿನಿಂದ ಪಾಠ ಶುರುವಾಯಿತು. “ಬರ್ರಿ” ಎಂದರೆ ಬರುವುದು, “ಕುಂತ್ಕಳ್ರಿ” ಎಂದರೆ ಕೂರುವುದು, “ತಡೀರಿ” ಎಂದರೆ ಅಲ್ಲಾಡದಿರುವುದು. ಚೂರು ಮೊದಲು ನೆಲದ ಮೇಲೆ, ಆಮೇಲೆ ಅಂಗೈ ಮೇಲೆ, ಆಮೇಲೆ ಗಲ್ಲದ ಕೆಳಗೊಂದು ಬೆರಳು.

“ನಾಯಿಗೆ ಯಾರಾದ್ರೂ ರಿ ಅಂತಾರೇನೆ? ಜನ ನಗ್ತಾರೆ,” ಎಂದ ಹಾಲೇಶ್.

“ನಗಲಿ ಬಿಡ್ರಿ. ಗದರಿಸಿ ಕರೆದೋರ ಹತ್ರ ನೀವಾದ್ರೂ ಹೋಗ್ತೀರಾ?”

ಡಾಕ್ಟರು ಮತ್ತೆ ಬಂದ ದಿನ ಕೆಂಚಿ ಕರೆದೊಡನೆ ಬಂತು, ಕೂತಿತು. ಡಾಕ್ಟರು ಹಿಂದಿನಿಂದ ಸೂಜಿ ತೆಗೆದಾಗ ಸ್ಟೀಲಿನ ಡಬ್ಬಿ ಟಣ್ ಎಂದಿತು. ನಾಯಿ ದಿಗ್ಗನೆ ಎದ್ದಿತು.

“ಹಿಡ್ಕಳೇ!” ಎಂದು ಹಾಲೇಶ್ ಕೂಗಿದ.

ಹಿಡಿದಿದ್ದರೆ ಮುಗಿದೇ ಹೋಗುತ್ತಿತ್ತು. ಅವಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. “ತಡೀರಿ ತಾಯಿ. ಕುಂತ್ಕಳ್ರಿ,” ಎಂದಳು. ಅವಳ ದೊಡ್ಡ ಬಾಯಿಂದ ಅಷ್ಟು ಮೆಲ್ಲಗಿನ ಮಾತು ಹಾಲೇಶ್ ಎಂದೂ ಕೇಳಿರಲಿಲ್ಲ. ಕೆಂಚಿ ರಸ್ತೆ ನೋಡಿತು, ಅವಳನ್ನು ನೋಡಿತು. ಮೈಯೆಲ್ಲ ನಡುಗುತ್ತಲೇ ಕೂತಿತು. ಸೂಜಿ ಒಳಗೆ ಹೋದರೂ ಏಳಲಿಲ್ಲ.

ಸೂಜಿಮದ್ದಿಗೆ ಕೆಂಚಿಗೆ ಮಂಪರು ಹತ್ತಿದ ಮೇಲೆ ಹಗ್ಗ ಕತ್ತರಿಸಿ, ಗಾಯ ತೊಳೆದು, ಪಟ್ಟಿ ಕಟ್ಟಿದರು. “ಉಳೀತು. ಇದು ನಿಮ್ಮ ಕೆಲಸಾನೇ, ನನ್ನದಲ್ಲ,” ಎಂದರು ಡಾಕ್ಟರು.

ಮಧ್ಯಾಹ್ನ ಕೆಂಚಿಗೆ ಎಚ್ಚರವಾಯಿತು. ಯಾರೂ ಕರೆಯಲಿಲ್ಲ. ತಾನಾಗಿಯೇ ತೂರಾಡುತ್ತ ಬಂದು, ಪಟ್ಟಿ ಕಟ್ಟಿದ ಕುತ್ತಿಗೆ ಚಾಚಿ, ಸರ್ವಮಂಗಳಳ ತೊಡೆಯ ಮೇಲೆ ಗಲ್ಲ ಇಟ್ಟು ಮಲಗಿತು. ಅವಳಿಗೆ ಹೆಮ್ಮೆ ತಡೆಯಲಾಗಲಿಲ್ಲ. ಒಲೆಯ ಮೇಲೆ ಸಾಂಬಾರು ಸೀಯುತ್ತಿತ್ತು. ಸೀಯಲಿ ಎಂದು ಕೂತೇ ಇದ್ದಳು.