ದುರ್ಬೀನಿಗೆ ಕಂಡ ಚಿಗರಿ

ಕೊರಳಲ್ಲಿ ದುರ್ಬೀನು ತೂಗುಹಾಕಿಕೊಂಡವನ ಜ್ಞಾನವನ್ನು ಲೋಕ ಸಂಶಯಿಸುವುದಿಲ್ಲ. ಈ ಸತ್ಯ ನನಗೆ ಹೊಳೆದದ್ದು ನಿವೃತ್ತಿಯ ನಂತರ, ಮಾಣಿಕನಗರದ ಚಹಾದಂಗಡಿಯ ಮುಂದೆ. ನಾರಾಯಣಪುರದ ಶಿವಾಲಯದ ಶಿಲ್ಪಗಳನ್ನು ಕತ್ತು ನೋಯದಂತೆ ನೋಡಲೆಂದು ಇತಿಹಾಸದ ಮಾಸ್ತರನಾದ ನಾನು ಕೊಂಡ ಆ ಉಪಕರಣವನ್ನು ಕಂಡದ್ದೇ ತಡ, ಊರಿನ ಗಣ್ಯರು ನನ್ನನ್ನು ವನ್ಯಜೀವಿ ತಜ್ಞನೆಂದು ಘೋಷಿಸಿ, ಆಗಷ್ಟೇ ಹುಟ್ಟಿದ್ದ ‘ಸಮುದಾಯ ಸಹಭಾಗಿತ್ವದ ಪರಿಸರ ಪ್ರವಾಸ ಸಮಿತಿ’ಗೆ ಕಾರ್ಯದರ್ಶಿಯನ್ನಾಗಿಸಿದರು. ಕುರಿಗೂ ಆಡಿಗೂ ವ್ಯತ್ಯಾಸ ತಿಳಿಯಲು ನನಗಿನ್ನೂ ಹೆಂಡತಿಯ ನೆರವು ಬೇಕೆಂಬುದನ್ನು, ಶಾಲು ಹೊದಿಸುವ ಗಡಿಬಿಡಿಯಲ್ಲಿ, ನಾನೂ ಹೇಳಲಿಲ್ಲ.

ಸಮಿತಿಯ ಉದ್ದೇಶವೇನೋ ಉದಾತ್ತವಾಗಿತ್ತು. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಸಿಗುವ ಗಾಯರಾಣದಲ್ಲಿ, ಅಂದರೆ ಊರ ದನಕರು ಮೇಯುವ ಹುಲ್ಲುಗಾವಲಿನಲ್ಲಿ, ಚಿಗರಿಗಳಿವೆ; ಪುಸ್ತಕದ ಭಾಷೆಯಲ್ಲಿ ಕೃಷ್ಣಮೃಗಗಳು. ಅವುಗಳನ್ನು ರಕ್ಷಿಸಬೇಕು, ರಕ್ಷಿಸಿ ಪ್ರವಾಸಿಗರಿಗೆ ತೋರಿಸಬೇಕು. ಅದಕ್ಕೆ ತಂತಿಬೇಲಿ, ವೀಕ್ಷಣಾ ಗೋಪುರ, ಜೀವಂತ ಚಿಗರಿ ಸೆಲ್ಫಿಗೆ ಒಪ್ಪದಿದ್ದರೆ ಇರಲೆಂದು ಸಿಮೆಂಟಿನದೊಂದು. ಇದರಲ್ಲಿ ಮೊದಲು ಸಿದ್ಧವಾದದ್ದು ಸಿಮೆಂಟಿನದು. ಇನ್ನು ಸಮುದಾಯವೆಂದರೆ ನಾವು ಎಂಟು ಜನ ಕುರ್ಚಿಯವರು. ಬಾಲ್ಯದಿಂದ ಅಲ್ಲೇ ಆಡು ಮೇಯಿಸುತ್ತಿದ್ದ ಕಾಶೆಮ್ಮನ ಪಾಲಿಗೆ ಬಂದ ಸಹಭಾಗಿತ್ವ, ಬೇಲಿಯಾದೊಡನೆ ಆಡುಗಳಿಗೆ ಪ್ರವೇಶ ನಿಷೇಧ ಎಂಬ ಠರಾವು. ಅದರ ಕೆಳಗೆ ದುಂಡಗೆ ಸಹಿ ಮಾಡಿದವನು ನಾನೇ.

“ಇನ್ನ ನನ್ನ ಆಡು ಎಲ್ಲಿ ಒಯ್ಲಿರಿ ಸರ್?” ಎಂದು ಆಕೆ ಕೇಳಿದಳು. “ಮೇಲಿನವರು ವಿಚಾರ ಮಾಡಾಕತ್ತಾರವ್ವ” ಎಂದೆ. ವಿಚಾರ ಮಾಡುವವರು ಯಾರೆಂದು ನನಗೂ ಗೊತ್ತಿರಲಿಲ್ಲ.

ಅರಣ್ಯ ಇಲಾಖೆಯ ಮೇಲಧಿಕಾರಿಯೊಬ್ಬರು ಬಂದು ಚಿಗರಿ ಇರುವುದನ್ನು ಖಾತ್ರಿ ಮಾಡಿಕೊಂಡರೆ ಬೇಲಿಗೆ ಮಂಜೂರಿ ಎಂದಾಗಿತ್ತು. ಅವರಿಗೆ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬದ, ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಸಜ್ಜಿರೊಟ್ಟಿ ಉಣ್ಣಿಸುವ ಹುರುಪಿನಲ್ಲಿ ನಾವು ಆ ದಿನವನ್ನೇ ಗೊತ್ತುಮಾಡಿದೆವು. ಓದುಗ ಮಿತ್ರರೇ, ಇಡೀ ವರ್ಷದಲ್ಲಿ ಊರಿಗೆ ಊರೇ ಚಕ್ಕಡಿ, ಟ್ರ್ಯಾಕ್ಟರು ಹತ್ತಿ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಹಾಡು ಹಚ್ಚಿ, ಪಂಕ್ತಿ ಹಾಕಿ ಉಣ್ಣುವ ದಿನ ಅದೊಂದೇ. ಹುಟ್ಟಿದಂದಿನಿಂದ ಆ ಹಬ್ಬ ಮಾಡುತ್ತ ಬಂದ ಎಂಟೂ ಜನರಿಗೆ ಇದು ನೆನಪಾದದ್ದು ಅತಿಥಿಯ ಜೀಪು ಬಂದು ನಿಂತಮೇಲೆ. ಮನ್ನಾಏಖೇಳ್ಳಿಯಿಂದ ಕೂಡ ಬೀಗರು ಬಂದಿಳಿದಿದ್ದರು. ಕಣ್ಣು ಹಾಯಿಸಿದಲ್ಲೆಲ್ಲ ಮನುಷ್ಯರೇ.

“ಎಲ್ಲಿ ಅದಾವ್ರಿ ಮಾಸ್ತರ, ನಿಮ್ಮ ಚಿಗರಿ?” ಮೂರನೆಯ ಸಲ ಭಜ್ಜಿ ನೀಡಿಸಿಕೊಳ್ಳುತ್ತ ಅಧಿಕಾರಿ ಕೇಳಿದರು. ನಾನು ದುರ್ಬೀನು ಏರಿಸಿದೆ. ದೂರದ ತಗ್ಗಿನಲ್ಲಿ ಕಾಶೆಮ್ಮನ ಆಡುಗಳು. ಅವುಗಳ ನಡುವೆ, ಅದೇ ಹಿಂಡಿನವೆಂಬಂತೆ ತಲೆ ತಗ್ಗಿಸಿ ಮೇಯುತ್ತಿದ್ದ ಮೂರು ಚಿಗರಿಗಳು. ಊರೆಲ್ಲ ಗದ್ದಲವೆಬ್ಬಿಸಿದಾಗ ಅವು ನಂಬಿ ಹೋದದ್ದು ಆಕೆಯ ಬಳಿಗೆ. ಕಾಶೆಮ್ಮ ಕೋಲೂರಿ ನಿಂತು ನೇರ ನನ್ನ ಕಡೆಗೇ ನೋಡುತ್ತಿದ್ದಳು. ಕೈ ಚಾಚಿ ತೋರಿಸಿದರೆ ಸಾಕು, ಬೇಲಿ ಬರುತ್ತಿತ್ತು, ಆಕೆ ಹೊರಗಾಗುತ್ತಿದ್ದಳು. ನಾಚಿ ದುರ್ಬೀನು ಇಳಿಸಿದೆ.

“ಏನೂ ಕಾಣವಲ್ದ್ರಿ ಸರ್” ಎಂದೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸಿಯೇ ಪಿಂಚಣಿ ಗಿಟ್ಟಿಸಿದವನು ನಾನು. ಅಧಿಕಾರಿ ಕೈ ತೊಳೆದು, ಪ್ರಾಣಿಗಳಿಲ್ಲವೆಂದು ಬರೆದುಕೊಂಡು ಹೋದರು. ಬೇಲಿ ಬರಲಿಲ್ಲ. ಸಿಮೆಂಟಿನ ಚಿಗರಿಗೆ ಈಗ ಕಾಶೆಮ್ಮನ ಆಡುಗಳು ಮೈ ತಿಕ್ಕುತ್ತವೆ.

ಮರುವಾರ ಅದೇ ಚಹಾದಂಗಡಿಯ ಮುಂದೆ ಆಕೆ ಸಿಕ್ಕಳು. “ಅವತ್ತ ಎಷ್ಟು ಕಂಡುವ್ರಿ ಸರ್?” ಎಂದಳು ಮೆಲ್ಲಗೆ. “ಮೂರು” ಎಂದೆ, ತಜ್ಞನ ಗತ್ತು ಪೂರ್ತಿ ಬಿಡದೆ.

“ಐದು ಇದ್ದುವ್ರಿ. ಎರಡು ಮರಿ ಹುಲ್ಲಾಗ ಮಲಗಿದ್ದುವು.”

ಆಕೆಯ ಕೊರಳಲ್ಲಿ ಏನೂ ತೂಗುತ್ತಿರಲಿಲ್ಲ. ಹಾಗಾಗಿ ಸಮಿತಿಯವರಾರೂ ಆಕೆಯನ್ನು ಒಂದು ಮಾತೂ ಕೇಳಿರಲಿಲ್ಲ, ನಾನೂ.