ಒಪ್ಪದ ಮದುವೆಗೆ ಒಂದು ಸಾಕ್ಷಿ

ವೀಸಾ ಅರ್ಜಿ ತಿರಸ್ಕಾರವಾದ ಸುದ್ದಿ ಫೋನಿಗೆ ಬಂದಾಗ ಅವನು ಏಣಿಯ ಮೇಲೆ ನಿಂತು ಅಂಗಡಿಯೊಂದರ ಶಟರಿನ ಸ್ಪ್ರಿಂಗ್ ಬಿಗಿಯುತ್ತಿದ್ದ. ಅವನ ಕಸುಬೇ ಅದು. ಪೇಟೆಯಲ್ಲಿ ಯಾವ ಅಂಗಡಿಯ ಶಟರ್ ಅರ್ಧಕ್ಕೆ ಸಿಕ್ಕಿಕೊಂಡರೂ ಅವನಿಗೇ ಹೇಳಿ ಕಳಿಸುತ್ತಿದ್ದರು. ಹೆಸರು ಹಿಡಿದು ಕರೆಯುವವರು ಕಡಿಮೆ, ಎಲ್ಲರಿಗೂ ಅವನು ಶಟರ್.

ಕೆಳಗಿಳಿದು ಕೈ ಒರೆಸಿಕೊಂಡು ಮತ್ತೊಮ್ಮೆ ಓದಿದ. ದಂಪತಿಗಳ ಸಂಬಂಧ ನಿಜವಾದದ್ದೆಂದು ಮನವರಿಕೆಯಾಗಿಲ್ಲ ಎಂದಿತ್ತು. ಕೈಲಿದ್ದ ಸ್ಪಾನರನ್ನು ನೆಲಕ್ಕೆ ಬಿಸಾಡಿದ.

"ಏನಾಯ್ತಪ್ಪ?" ಎಂದ ಅಂಗಡಿಯವನು.

"ನನ್ನ ಹೆಂಡ್ತಿ ನನ್ನ ಹೆಂಡ್ತಿ ಅಲ್ವಂತೆ."

"ಯಾರು ಹೇಳಿದ್ದು?"

"ಯಾರೋ. ಅವಳನ್ನೂ ನೋಡಿಲ್ಲ, ನನ್ನನ್ನೂ ನೋಡಿಲ್ಲ."

ಹೆಂಡತಿ ಹೊರದೇಶದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅವಳು ಹೋಗಿ ಎರಡನೆಯ ವರ್ಷ. ಮದುವೆಯಾಗಿ ನಾಲ್ಕು ವರ್ಷ. ನೋಂದಣಿ ಕಚೇರಿಯಲ್ಲಿ ಇಬ್ಬರು ಸ್ನೇಹಿತರ ಎದುರು ಸಹಿ ಹಾಕಿ ಮುಗಿಸಿದ ಮದುವೆ ಅದು. ಫೋಟೋ ಅಂತ ಇದ್ದದ್ದೇ ನಾಲ್ಕೈದು, ಅದರಲ್ಲೂ ಒಂದರಲ್ಲಿ ಅವಳ ಕಣ್ಣು ಮುಚ್ಚಿತ್ತು. ಅವಳ ಮನೆಯಿಂದ ಒಬ್ಬರೂ ಬಂದಿರಲಿಲ್ಲ. ಬರುವುದಿರಲಿ, ಅವಳಪ್ಪ ಆವತ್ತೇ ಸಂಜೆ ಠಾಣೆಗೆ ಹೋಗಿ, ಮಗಳನ್ನು ಹಾರಿಸಿಕೊಂಡು ಹೋಗಿದ್ದಾನೆ ಎಂದು ದೂರು ಕೊಟ್ಟಿದ್ದರು. ಅವಳು ಠಾಣೆಯಲ್ಲಿ ನಿಂತು, ಯಾರೂ ಹಾರಿಸಿಲ್ಲ, ನಾನೇ ನಡೆದುಕೊಂಡು ಹೋದೆ ಎಂದು ಬರೆದುಕೊಟ್ಟಿದ್ದಳು. ಅವತ್ತಿನಿಂದ ತಂದೆ ಮಗಳಿಗೆ ಮಾತಿಲ್ಲ.

ವೀಸಾ ಕಾಗದಪತ್ರ ಮಾಡಿಕೊಡುವ ಕಚೇರಿಯ ಹೆಂಗಸು ಅವನ ಫೈಲನ್ನು ಎರಡು ಬೆರಳಲ್ಲಿ ಎತ್ತಿ ನೋಡಿದಳು.

"ಇದು ಮದುವೆ ಫೈಲಾ, ಕರೆಂಟ್ ಬಿಲ್ ಫೈಲಾ? ಇಬ್ಬರೂ ಒಟ್ಟಿಗಿರೋದು ಎಲ್ಲಿ ಕಾಣ್ಸುತ್ತೆ?"

"ಒಟ್ಟಿಗಿದ್ವಿ ಮೇಡಂ. ಫೋಟೋ ತೆಗೀತಾ ಕೂರ್ಲಿಲ್ಲ."

"ಅವಳು ರಜೆಗೆ ಬಂದಾಗ ನಾಲ್ಕು ಥರ ಬಟ್ಟೆ ತನ್ನಿ. ಒಂದೇ ದಿನದಲ್ಲಿ ನಾಲ್ಕು ಕಡೆ ನಿಲ್ಲಿಸಿ ತೆಗೆಸ್ತೀನಿ. ಅಕ್ಕಪಕ್ಕ ನಿಲ್ಲೋಕೆ ಜನಾನೂ ಸಿಗ್ತಾರೆ."

"ನನ್ನ ನಿಜವಾದ ಮದುವೆಗೆ ಸುಳ್ಳು ನೆಂಟರಾ?"

"ಹಾಗಾದ್ರೆ ನಿಜವಾದ ನೆಂಟರನ್ನೇ ಕರ್ಕೊಂಡು ಬನ್ನಿ," ಅಂದಳು ಅವಳು, ಮುಖ ಸಿಂಡರಿಸಿ. "ಹುಡುಗಿ ಕಡೆಯವರು ಯಾರಾದ್ರೂ ಒಂದು ಪತ್ರ ಬರ್ದುಕೊಟ್ರೆ ತೂಕ ಬರುತ್ತೆ. ಅಪ್ಪನೇ ಕೊಟ್ರೆ ಇನ್ನೂ ಒಳ್ಳೇದು."

ಅವನಿಗೆ ನಗು ಬಂತು. ಅವಳಿಗೆ ಅದು ಯಾಕೆಂದು ತಿಳಿಯಲಿಲ್ಲ.

ಹೆಂಡತಿಯ ಅಪ್ಪ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಕಣ್ಣು ಕೆಲಸ ಬಿಟ್ಟಿರಲಿಲ್ಲ. ಮನೆಗೆ ಬಂದವರ ಮುಖ ನೋಡುವ ಮೊದಲು ಕೈ ನೋಡುತ್ತಿದ್ದರು. ಅಳಿಯನ ಬಗ್ಗೆ ಅವರು ಊರಿಗೆಲ್ಲ ಹೇಳಿಕೊಂಡು ಬಂದ ಮಾತು ಒಂದೇ: ಟಿಕೆಟ್ ಇಲ್ಲದೆ ಹತ್ತಿದವನು.

ಭಾನುವಾರ ಬೆಳಿಗ್ಗೆ ಅವನು ಅವರ ಗೇಟಿನ ಮುಂದೆ ನಿಂತ. ಮಾವ ಎಂದು ಕರೆದರೆ ಬಾಗಿಲೇ ತೆರೆಯುವುದಿಲ್ಲವೆಂದು ಗೊತ್ತಿದ್ದರಿಂದ "ಸಾರ್" ಎಂದು ಕೂಗಿದ. ಅವರು ಬಂದರು, ಗೇಟು ತೆರೆಯಲಿಲ್ಲ. ಅವನು ವಿಷಯ ಹೇಳಿದ. ಹೇಳುವಾಗ ದನಿ ತಗ್ಗಿಸಬೇಕೆಂದುಕೊಂಡಿದ್ದ, ಆಗಲಿಲ್ಲ.

"ಓಹೋ. ಅಲ್ಲೂ ಹಿಡ್ಕೊಂಡ್ರಾ ನಿನ್ನ?" ಎಂದರು.

"ಹಿಡೀಲಿಲ್ಲ. ನಂಬಲಿಲ್ಲ."

"ನಾನೂ ನಂಬಿಲ್ಲ. ನಂಬದೆ ಇರೋನ ಹತ್ರ ಬಂದು ಪತ್ರ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ?"

"ಆಗುತ್ತೆ. ನಾಲ್ಕು ವರ್ಷ ಆದ್ಮೇಲೂ ನಿಮ್ಮ ಗೇಟಿನ ಹೊರಗೇ ನಿಂತಿದೀನಲ್ಲ, ಅದಕ್ಕೆ ಆಗುತ್ತೆ."

ಅತ್ತೆ ಒಳಗಿನಿಂದ ಬಂದವರು ಹೊಸ್ತಿಲಲ್ಲೇ ನಿಂತರು. "ಆ ಹುಡುಗಿ ಹೆಸರಲ್ಲಿ ಈ ಮನೇಲಿ ಏನೂ ಉಳಿದಿಲ್ಲ, ಹೋಗಪ್ಪ," ಎಂದರು. ಅವರ ದನಿಯಲ್ಲಿದ್ದ ಕಹಿ ಗಂಡನದ್ದಕ್ಕಿಂತ ಹೆಚ್ಚಿತ್ತು.

ಅವನು ಹೋಗಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಬೇಡುವುದಕ್ಕೆ ಬಂದವನು ಜಗಳಕ್ಕೇ ನಿಂತ.

"ನನ್ನನ್ನ ಹೊಗಳಿ ಅಂತ ಕೇಳ್ಲಿಲ್ಲ ಸಾರ್. ನಡೆದದ್ದು ಬರೀರಿ. ಸರ್ವೀಸಿನಲ್ಲಿ ಒಂದೇ ಒಂದು ಸುಳ್ಳು ಕೇಸು ಬರೆದಿಲ್ಲ ಅಂತೀರಲ್ಲ. ನಾನೂ ಅವಳೂ ಗಂಡ ಹೆಂಡ್ತಿ ಹೌದೋ ಅಲ್ವೋ? ಅಲ್ಲ ಅಂತಾದ್ರೆ ಹಾಗೇ ಬರ್ಕೊಡಿ, ಅದನ್ನೇ ತಗೊಂಡು ಹೋಗ್ತೀನಿ."

ಅವರು ಒಳಗೆ ಹೋಗಿ ಹಾಳೆ, ಪೆನ್ನು, ಹಲಗೆ ತಂದು ಜಗಲಿಯ ಕುರ್ಚಿಯಲ್ಲಿ ಕೂತರು. ಅವನನ್ನು ಕೂರು ಎನ್ನಲಿಲ್ಲ. ಕೇಸು ಬರೆಯುವಾಗ ಬರೆದದ್ದನ್ನು ಎದುರಿನವನಿಗೆ ಕೇಳಿಸುವಂತೆ ಓದುವುದು ಅವರ ಹಳೆಯ ರೂಢಿ. ಹಾಗೆಯೇ ಜೋರಾಗಿ ಹೇಳುತ್ತಾ ಬರೆದರು.

"ಈ ಮನುಷ್ಯ ನನ್ನ ಮಗಳನ್ನು ನನ್ನ ಒಪ್ಪಿಗೆ ಇಲ್ಲದೆ ಮದುವೆಯಾದ. ನಾನು ಪೊಲೀಸರಿಗೆ ದೂರು ಕೊಟ್ಟೆ. ಪ್ರತಿ ಲಗತ್ತಿಸಿದೆ. ಮದುವೆ ಮುರಿಯಲೆಂದು ಅವರ ಬಾಡಿಗೆ ಕೋಣೆಗೆ ಹೋಗಿ ಬೀದಿಗೆ ಕೇಳುವಂತೆ ಕೂಗಾಡಿದೆ. ಮನೆ ಮಾಲೀಕನಿಗೆ ಹೇಳಿ ಅವರನ್ನು ಖಾಲಿ ಮಾಡಿಸಿದೆ. ಅವರು ಬೇರೆ ಕಡೆ ಕೋಣೆ ಹಿಡಿದು ಒಟ್ಟಿಗೇ ಇದ್ದರು."

ಮುಂದಿನದನ್ನು ತಲೆ ಎತ್ತದೆ ಹೇಳಿದರು.

"ನನ್ನ ಮಗಳಿಗೆ ಹೊಟ್ಟೆಯ ಆಪರೇಷನ್ ಆದಾಗ ಅವಳನ್ನು ವಾಪಸ್ ಕರೆತರಬಹುದೆಂದು ಆಸ್ಪತ್ರೆಗೆ ಹೋದೆ. ಇವನು ಅವಳ ಚಪ್ಪಲಿ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ. ಕರೆತರಲು ಕಾರಣ ಸಿಗಲಿಲ್ಲವೆಂದು ನನಗೆ ಸಿಟ್ಟು ಬಂತು. ಮಾತಾಡಿಸದೆ ಬಂದೆ."

ಶಟರಿಗೆ ಇದು ಗೊತ್ತಿರಲಿಲ್ಲ. ಬಾಯಿ ತೆರೆಯಲು ಹೋದ. ಅವರು ಪೆನ್ನು ಎತ್ತಿ ಅವನನ್ನು ಸುಮ್ಮನಾಗಿಸಿದರು.

"ಈ ಮದುವೆ ನನಗೆ ಇಂದಿಗೂ ಒಪ್ಪಿಗೆ ಇಲ್ಲ. ಆದರೆ ಇದು ಸುಳ್ಳು ಮದುವೆ ಎಂದು ಯಾರಾದರೂ ಹೇಳಿದರೆ ಅದಕ್ಕೂ ನನ್ನ ಒಪ್ಪಿಗೆ ಇಲ್ಲ. ಸುಳ್ಳಾಗಿದ್ದರೆ ನಾನು ಅದನ್ನು ಎಂದೋ ಮುರಿಯುತ್ತಿದ್ದೆ."

ಸಹಿ ಹಾಕಿ, ದೂರಿನ ಪ್ರತಿಯನ್ನು ಒಳಗಿನಿಂದ ತಂದು ಜೊತೆಗಿಟ್ಟು, ಗೇಟಿನ ಸಂದಿಯಿಂದ ಚಾಚಿದರು. "ತಗೋ. ಇನ್ನು ಈ ಕಡೆ ತಲೆ ಹಾಕ್ಬೇಡ."

ಕಚೇರಿಯ ಹೆಂಗಸು ಅದನ್ನು ಓದಿ ಹಣೆ ಹಿಡಿದುಕೊಂಡಳು. "ಪೊಲೀಸ್ ದೂರನ್ನ ಯಾರಾದ್ರೂ ತಾವಾಗಿ ಕೊಡ್ತಾರೇನ್ರೀ? ನಿಮ್ಮ ಮಾವ ನಿಮಗೆ ಗುಂಡಿ ತೋಡಿದ್ದಾರೆ. ಇದು ಬೇಡವೇ ಬೇಡ."

ಅವನಿಗೂ ಅನುಮಾನ ಬಂತು. ಅವಳ ಎದುರಲ್ಲೇ ಹೆಂಡತಿಗೆ ಫೋನ್ ಮಾಡಿ ಪತ್ರವನ್ನು ಓದಿ ಹೇಳಿದ. ಚಪ್ಪಲಿಯ ಸಾಲು ಬಂದಾಗ ಆ ಕಡೆ ಉಸಿರಿನ ಸದ್ದೂ ಇಲ್ಲವಾಯಿತು.

"ಕೇಳ್ತಾ ಇದೀಯಾ?"

"ಹೂಂ. ಅಪ್ಪಂದೇ ಅದು. ಒಂದೇ ಒಂದು ಒಳ್ಳೇ ಮಾತಿಲ್ಲ. ಹಾಕು. ಒಂದಕ್ಷರಾನೂ ತಿದ್ದಬೇಡ. ಮೇಡಂಗೂ ಹೇಳು."

ಮೇಡಂ ಫೋನಿನಲ್ಲೇ ಅದನ್ನು ಕೇಳಿಸಿಕೊಂಡು ಕೈ ಚೆಲ್ಲಿದಳು. ಪತ್ರ ಅನುವಾದವಾಗಿ, ನೋಟರಿಯ ಮುದ್ರೆ ಬಿದ್ದು, ಹೊಸ ಅರ್ಜಿಯ ಜೊತೆ ಹೋಯಿತು. ಎರಡು ತಿಂಗಳಿಗೆ ವೀಸಾ ಬಂತು.

ತಲೆ ಹಾಕಬೇಡ ಎಂದಿದ್ದರೂ ದೂರಿನ ಪ್ರತಿಯನ್ನು ಹಿಂದಿರುಗಿಸಲು ಅವನು ಹೋದ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿ, ಎಲ್ಲ ಇದೆಯೆಂದು ಖಚಿತಪಡಿಸಿಕೊಂಡರು.

"ಸಿಕ್ತಾ?"

"ಸಿಕ್ತು. ನಿಮ್ಮಿಂದ."

"ನನ್ನ ಹೆಸರು ಎತ್ಬೇಡ," ಎಂದು ಒಳಗೆ ಹೋದರು. ಅತ್ತೆ ಕಿಟಕಿಯಿಂದ ನೋಡುತ್ತಿದ್ದವರು ಪರದೆ ಎಳೆದರು.

ಹೊರದೇಶದಲ್ಲಿ ಗಂಡ ಹೆಂಡತಿ ಮೊದಲ ವಾರವೇ ಹಾವು ಮುಂಗುಸಿಯಂತೆ ಕಾದಾಡಿದರು. ಎರಡು ವರ್ಷ ಒಂಟಿಯಾಗಿದ್ದು ಅವಳಿಗೆ ತನ್ನದೇ ಪದ್ಧತಿ ಬಂದುಬಿಟ್ಟಿತ್ತು. ಅವನಿಗೆ ಕೆಲಸವಿಲ್ಲದೆ ಕೈ ಕಡಿಯುತ್ತಿತ್ತು. ಒಂದು ದಿನ ಅವಳು ಡ್ಯೂಟಿಯಿಂದ ಬರುವಷ್ಟರಲ್ಲಿ ಅಡುಗೆಮನೆಯ ಬಾಗಿಲು ಕಿರುಗುಟ್ಟುತ್ತದೆಂದು ಅದನ್ನು ಕಳಚಿ ಗೋಡೆಗೆ ಒರಗಿಸಿದ್ದ.

"ಮನೆ ಮಾಲೀಕರನ್ನ ಕೇಳ್ದೆ ಇಲ್ಲಿ ಒಂದು ಮೊಳೆನೂ ಕೀಳೋ ಹಾಗಿಲ್ಲ. ಗೊತ್ತಾ ನಿಂಗೆ?"

"ಗೊತ್ತಿಲ್ಲ. ನಿನ್ನ ಹತ್ರ ಬರೋಕೇ ಇಷ್ಟು ಜನರನ್ನ ಕೇಳಿದೀನಿ. ಇನ್ನು ಬಾಗಿಲಿಗೂ ಕೇಳ್ಲಾ?"

ಅವಳು ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಚಳಿ ಮೂಳೆಗೆ ಇಳಿಯುವ ಹೊತ್ತಿಗೆ ಎದ್ದು ಬಂದ. ಅವಳು ಮುಖ ಊದಿಸಿಕೊಂಡು ಕಳಚಿಟ್ಟ ಬಾಗಿಲಿನ ಪಕ್ಕದಲ್ಲೇ ನಿಂತಿದ್ದಳು.

"ಹಿಡ್ಕೋ," ಎಂದ.

ಅವಳು ಬಾಗಿಲನ್ನು ಎತ್ತಿ ಹಿಡಿದಳು. ಅವನು ಕೀಲುಗಳಿಗೆ ಎಣ್ಣೆ ಬಿಟ್ಟು ಸ್ಕ್ರೂ ತಿರುಗಿಸತೊಡಗಿದ. "ನೇರ ಹಿಡಿ," ಎಂದ. "ನೇರವಾಗೇ ಇದೆ," ಎಂದಳು ಅವಳು.